ನಗುವ ಹಾಡು, ಬಿಟ್ಟುಹೋದ ಲೆಕ್ಕ

(ಸಿಂಗಾಪುರದ ಜುರಾಂಗ್ ವೆಸ್ಟ್‌ನಲ್ಲಿ ಚಿತ್ರಪ್ರದರ್ಶನದ ನಂತರ ಮಾಡಿದ ಭಾಷಣದ ಪಠ್ಯ)



ಯುದ್ಧವನ್ನು ಖಂಡಿಸುವ ಕೃತಿಗಳು ಸಾಮಾನ್ಯವಾಗಿ ಅಳಿಸುತ್ತವೆ. ‘ಓ! ವಾಟ್ ಎ ಲವ್ಲಿ ವಾರ್’ ನಗಿಸುತ್ತದೆ. ಬಳಿಕ ಆ ನಗುವಿಗೇ ನಾಚುವಂತೆ ಮಾಡುತ್ತದೆ.

ಚಾರ್ಲ್ಸ್ ಚಿಲ್ಟನ್ ಮೊದಲ ಮಹಾಯುದ್ಧದ ಸೈನಿಕರ ಹಾಡುಗಳನ್ನು ಆಧರಿಸಿ ಬಿಬಿಸಿ ರೇಡಿಯೊಗೆ ರೂಪಿಸಿದ ಕಾರ್ಯಕ್ರಮವೇ ಇದರ ಬೀಜ. 1963ರಲ್ಲಿ ಜೋನ್ ಲಿಟಲ್‌ವುಡ್ ಅವರ ಥಿಯೇಟರ್ ವರ್ಕ್‌ಷಾಪ್ ತಂಡ ಅದನ್ನು ಪೂರ್ವ ಲಂಡನ್ನಿನಲ್ಲಿ ರಂಗಕ್ಕೆ ತಂದಿತು. ನಟರು ಖಾಕಿಯ ಬದಲು ವಿದೂಷಕರ ಬಿಳಿಯುಡುಪು ತೊಟ್ಟರು. ಅವರು ಹಾಡುತ್ತಿದ್ದಂತೆ ಹಿಂದಿನ ಫಲಕದಲ್ಲಿ ಸಾವುನೋವಿನ ಅಂಕಿಗಳು ಹರಿದವು. ಗೇಲಿಗೊಳಗಾದವನು ಸಿಪಾಯಿಯಲ್ಲ, ಅವನನ್ನು ಅಂಕಿಯಾಗಿಸಿದ ಸೇನಾಪತಿ.

1969ರಲ್ಲಿ ರಿಚರ್ಡ್ ಅಟೆನ್‌ಬರೋ ಇದನ್ನೇ ತಮ್ಮ ಮೊದಲ ಚಿತ್ರವಾಗಿಸಿದರು. ಬ್ರೈಟನ್ನಿನ ಕಡಲಕಟ್ಟೆ ರಣರಂಗವಾಯಿತು. ಸಾವುನೋವು ಕ್ರಿಕೆಟ್ ಸ್ಕೋರ್‌ಬೋರ್ಡಿಗೆ ಏರಿತು. ಕೊನೆಯಲ್ಲಿ ಬ್ರೈಟನ್ನಿನ ಹೊರವಲಯದ ಗುಡ್ಡದ ತುಂಬ ಬಿಳಿಯ ಶಿಲುಬೆಗಳು.

ಅದೇ ಊರಿನ ಅರಮನೆ 1914ರ ಕೊನೆಯಿಂದ ಭಾರತೀಯ ಗಾಯಾಳುಗಳ ಆಸ್ಪತ್ರೆಯಾಗಿತ್ತು. ಆ ಊರಿನಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ದಹಿಸಿದ್ದು ಅದೇ ಗುಡ್ಡಸಾಲಿನಲ್ಲಿ. 1921ರಲ್ಲಿ ಅಲ್ಲಿ ‘ಛತ್ರಿ’ ಸ್ಮಾರಕ ಎದ್ದಿತು. ಶಿಲುಬೆಗಳ ಲೆಕ್ಕದಲ್ಲಿ ಅವರು ಹೇಗೆ ಸೇರಿಯಾರು? ಸ್ಮಿತ್ ಕುಟುಂಬದ ಕಥೆಯಾಗಿ ಯುದ್ಧವನ್ನು ಕಂಡ ಚಿತ್ರದ ಕಣ್ಣು ಅಷ್ಟು ದೂರ ಹೊರಳಲಿಲ್ಲ. ಆ ಯುದ್ಧದಲ್ಲಿ ಮಡಿದ ಭಾರತೀಯರು 74,000ಕ್ಕೂ ಹೆಚ್ಚು.

ಈ ಕುರುಡು ಬ್ರಿಟಿಷರದು ಮಾತ್ರವಲ್ಲ. 1918ರಲ್ಲಿ ಮೈಸೂರು ಲ್ಯಾನ್ಸರ್‌ಗಳು ಹೈಫಾ ಗೆದ್ದುದನ್ನು ಹೆಮ್ಮೆಯಿಂದ ಹೇಳುವ ಕನ್ನಡಿಗರು, ಆ ಗೆಲುವು ಯಾವ ಸಾಮ್ರಾಜ್ಯದ ಖಾತೆಗೆ ಜಮೆಯಾಯಿತೆಂದು ಕೇಳುವುದು ಅಪರೂಪ. ಇದೇ ಸಿಂಗಾಪುರದಲ್ಲಿ 1915ರ ಫೆಬ್ರವರಿ 15ರಂದು ಐದನೇ ಲೈಟ್ ಇನ್‌ಫೆಂಟ್ರಿಯ ಭಾರತೀಯ ಸಿಪಾಯಿಗಳು ದಂಗೆಯೆದ್ದರು. ತುರ್ಕರ ವಿರುದ್ಧ ಕಾದಲು ಕಳಿಸುತ್ತಾರೆಂಬ ವದಂತಿ ಅವರಲ್ಲಿ ಹಬ್ಬಿತ್ತು. 47 ಮಂದಿಯನ್ನು ಔಟ್ರಮ್ ಸೆರೆಮನೆಯ ಗೋಡೆಯೆದುರು, ನೆರೆದ ಜನರ ಕಣ್ಣೆದುರೇ, ಗುಂಡಿಟ್ಟು ಕೊಂದರು. ಸಾವನ್ನು ಪ್ರದರ್ಶನವಾಗಿಸಿದ್ದು ಅಲ್ಲಿ ವಿಡಂಬನೆಯಲ್ಲ, ಆಡಳಿತ.

ಜುರಾಂಗ್ ವೆಸ್ಟ್‌ನ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಹಳೆಯದಲ್ಲ. ಹೆತ್ತವರ ಮೂಲಕ ಇಲ್ಲಿ ಕಾಯಂ ನಿವಾಸಿಗಳಾದ ಗಂಡುಮಕ್ಕಳಿಗೂ ಎರಡು ವರ್ಷದ ಸೈನಿಕ ಸೇವೆ ಕಡ್ಡಾಯ. ಮಗ ಸಮವಸ್ತ್ರ ತೊಡುವ ಮನೆಯಲ್ಲಿ ಈ ಚಿತ್ರ ಯಾರನ್ನೂ ಅವಮಾನಿಸುವುದಿಲ್ಲ. ಹುರುಪಿನ ಹಾಡು ಮೊಳಗಿದಾಗಲೆಲ್ಲ, ಅದನ್ನು ಬರೆಸಿದವರು ಯಾರು, ಹಿಂದಿನ ಫಲಕದಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ಕೇಳಲು ಕಲಿಸುತ್ತದೆ. ಕನ್ನಡದಲ್ಲಿ ಈ ನಾಟಕ ಆಡುವವರು ಆ ಫಲಕಕ್ಕೆ 53 ಮತ್ತು 47 ಎಂಬ ಎರಡು ಅಂಕಿಗಳನ್ನಾದರೂ ಸೇರಿಸಬೇಕು.