ಓಟ ಮುಗಿಸಿದ ನಾಯಿಗೂ ಒಂದು ಮನೆ

(ಹೊರದೇಶಗಳಲ್ಲಿ ದುಡಿಯುವವರ ಕುಟುಂಬಗಳ ಸಹಮಿಲನದಲ್ಲಿ, ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಸಹೋದರಿಯೊಬ್ಬರು ಮಾಡಿದ ಭಾಷಣ)



ನಾನು ನಾಯಿಯ ವಿಷಯ ಮಾತಾಡುತ್ತೇನೆ ಎಂದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಪರವಾಗಿಲ್ಲ, ನಗಿ. ಆದರೆ ಇಲ್ಲಿರುವ ಅನೇಕರ ಮಕ್ಕಳು ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿದ್ದಾರೆ. ಮೊಮ್ಮಕ್ಕಳು "ನಮಗೊಂದು ನಾಯಿ ಬೇಕು" ಎಂದು ಹಟ ಹಿಡಿದಾಗ ಅಜ್ಜ ಅಜ್ಜಿಗೂ ಫೋನು ಬರುತ್ತದೆ. ಆಗ ಹೇಳಲು ನಿಮ್ಮಲ್ಲಿ ಎರಡು ಒಳ್ಳೆಯ ಮಾತು ಇರಲಿ ಎಂದು ಈ ವಿಷಯ ಆರಿಸಿಕೊಂಡೆ.

ಗ್ರೇಹೌಂಡ್ ಎಂಬುದು ಓಟದ ನಾಯಿ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿದವರಿಗೆ ಇದರ ರೂಪ ಬೇಗ ಅರ್ಥವಾಗುತ್ತದೆ. ಅದೇ ಉದ್ದ ಕಾಲು, ಅದೇ ಸಣ್ಣ ಸೊಂಟ. ಎರಡೂ ಮೂಗಿಗಿಂತ ಕಣ್ಣನ್ನೇ ನಂಬಿ ಬೇಟೆಯಾಡುವ ಜಾತಿಗಳು. 1919ರಲ್ಲಿ ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ ಎಂಬವರು ಯಂತ್ರದ ಮೊಲದ ಹಿಂದೆ ನಾಯಿಗಳನ್ನು ಓಡಿಸುವ ಮೈದಾನ ತೆರೆದರು. 1926ರ ಜುಲೈಯಲ್ಲಿ ಅದು ಇಂಗ್ಲೆಂಡಿಗೂ ಬಂತು. ಮ್ಯಾಂಚೆಸ್ಟರಿನ ಬೆಲ್ ವ್ಯೂ ಮೈದಾನದಲ್ಲಿ ಮೊದಲ ಓಟ ನಡೆಯಿತು. ಜನ ಬಾಜಿ ಕಟ್ಟಿದರು, ದೊಡ್ಡ ವ್ಯಾಪಾರವಾಯಿತು. ಆ ಬೆಲ್ ವ್ಯೂ 2020ರಲ್ಲಿ ಮುಚ್ಚಿತು.

480 ಮೀಟರ್ ಓಟ ಮುಗಿಯಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷಕ್ಕಾಗಿಯೇ ಈ ನಾಯಿಯನ್ನು ಹುಟ್ಟಿಸಿ, ಸಾಕಿ, ತರಬೇತಿ ಕೊಡುತ್ತಾರೆ. ಮೂರು, ನಾಲ್ಕು ವರ್ಷಕ್ಕೆ ವೇಗ ಇಳಿಯುತ್ತದೆ, ಅಥವಾ ಕಾಲಿಗೆ ಪೆಟ್ಟಾಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಅದರ ಆಯುಷ್ಯ ಹತ್ತು ಹನ್ನೆರಡು ವರ್ಷ. ಉಳಿದ ಎಂಟು ವರ್ಷ ಅದು ಎಲ್ಲಿಗೆ ಹೋಗಬೇಕು? 2018ರಲ್ಲಿ ಮಕಾವುವಿನ ಹಳೆಯ ಓಟದ ಮೈದಾನ ಮುಚ್ಚಿದಾಗ 500ಕ್ಕೂ ಹೆಚ್ಚು ನಾಯಿಗಳು ಅಲ್ಲೇ ಉಳಿದುಬಿಟ್ಟವು. ಅವುಗಳಿಗೆ ಬೇರೆ ಬೇರೆ ದೇಶಗಳಲ್ಲಿ ಮನೆ ಹುಡುಕಬೇಕಾಯಿತು. ಬ್ರಿಟನ್ನಿನಲ್ಲಿ 1975ರಿಂದ ಇದಕ್ಕಾಗಿಯೇ ಒಂದು ಟ್ರಸ್ಟ್ ಇದೆ. ಸಣ್ಣಪುಟ್ಟ ಸಂಘಗಳೂ ಇವೆ.

ನಮ್ಮ ಮನೆಗೆ ಬಂದ ಹೆಣ್ಣು ನಾಯಿಗೆ ನಾಲ್ಕು ವರ್ಷ. ಮಕ್ಕಳು ಬೆಳ್ಳಿ ಎಂದು ಹೆಸರಿಟ್ಟರು. ಓಟದ ನಾಯಿ, ದಿನವಿಡೀ ಓಡಿಸಬೇಕೇನೋ ಎಂದು ನಾವು ಹೆದರಿದ್ದೆವು. ನೋಡಿದರೆ ಮಾರಾಯ್ರೆ, ಅದು ದಿನಕ್ಕೆ ಹದಿನಾರು ಗಂಟೆ ಮಲಗುತ್ತದೆ! ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಡೆಸಿದರೆ ಸಾಕು. ಆದರೆ ಅದಕ್ಕೆ ಮನೆ ಎಂದರೆ ಏನೆಂದೇ ಗೊತ್ತಿರಲಿಲ್ಲ. ಮೆಟ್ಟಿಲು ಹತ್ತಲು ಬಾರದು. ಗಾಜಿನ ಬಾಗಿಲಿಗೆ ಹೋಗಿ ಡಿಕ್ಕಿ ಹೊಡೆಯಿತು. ಟಿ.ವಿ. ಹಾಕಿದರೆ ನಡುಗಿತು. ಹುಟ್ಟಿದಾಗಿನಿಂದ ಬೇರೆ ನಾಯಿಗಳ ಜೊತೆಗೇ ಗೂಡಿನಲ್ಲಿ ಇದ್ದದ್ದು, ಒಂಟಿಯಾಗಿ ಬಿಟ್ಟರೆ ಅಳುತ್ತಿತ್ತು.

ಮೂರನೆಯ ವಾರ ಒಂದು ಘಟನೆ ಆಯಿತು. ಎಂಟು ವರ್ಷದ ಮಗ ಶಾಲೆಯಿಂದ ಬಂದವನೇ, ಮಲಗಿದ್ದ ಬೆಳ್ಳಿಯನ್ನು ತಬ್ಬಿಕೊಂಡ. ಅದು ಗುರ್ರೆಂದು ಎದ್ದು ಕಚ್ಚಲು ಬಾಯಿ ಹಾಕಿತು. ಹಲ್ಲು ತುಟಿಗೆ ತಾಗಿ ರಕ್ತ ಬಂತು. ನಾನು ನರ್ಸ್, ಗಾಯ ಸಣ್ಣದೆಂದು ಗೊತ್ತಾಯಿತು. ಆದರೆ ತಾಯಿಯ ಕೈ ನಡುಗಿತು. "ನಾಳೆಯೇ ವಾಪಸ್ ಕೊಟ್ಟುಬಿಡುವ" ಎಂದರು ನಮ್ಮವರು. ನಾನೂ ಹೂಂ ಅಂದೆ.

ಬೆಳಿಗ್ಗೆ ನಾಯಿ ಕೊಟ್ಟ ಸಂಘಕ್ಕೆ ಫೋನು ಮಾಡಿದೆ. ಅಲ್ಲಿಯ ಹಿರಿಯ ಮಹಿಳೆ ಕೇಳಿದ್ದು ಒಂದೇ ಪ್ರಶ್ನೆ: "ಆಗ ನಾಯಿ ಎಚ್ಚರವಿತ್ತೇ?" ಅವರು ವಿವರಿಸಿದರು. ಗೂಡಿನಲ್ಲಿ ಮಲಗಿದ್ದಾಗ ಅದನ್ನು ಯಾವ ಮನುಷ್ಯನೂ ಮುಟ್ಟಿರಲಿಲ್ಲ. ಕೆಲವು ಗ್ರೇಹೌಂಡ್‌ಗಳು ಕಣ್ಣು ತೆರೆದೇ ನಿದ್ದೆ ಮಾಡುತ್ತವೆ, ನಮಗೆ ಎಚ್ಚರವಿದ್ದಂತೆ ಕಾಣುತ್ತದೆ. ಬೆಚ್ಚಿಬಿದ್ದು ಬಾಯಿ ಹಾಕುತ್ತವೆ, ದ್ವೇಷದಿಂದ ಅಲ್ಲ. ಈ ಮಾತನ್ನು ನಾಯಿ ತರುವ ದಿನವೇ ಅವರು ಹೇಳಿದ್ದರಂತೆ. ನಾವು ಕಾಗದಗಳಿಗೆ ಸಹಿ ಹಾಕುವ ಗಡಿಬಿಡಿಯಲ್ಲಿ ಸರಿಯಾಗಿ ಕೇಳಿರಲಿಲ್ಲ. ತಪ್ಪು ನಮ್ಮದೇ.

ಅಂದಿನಿಂದ ಮನೆಯಲ್ಲಿ ಒಂದು ನಿಯಮ ಬಂತು. ಬೆಳ್ಳಿ ಮಲಗುವ ಜಾಗ ಅದರದ್ದೇ, ಮಕ್ಕಳು ಅಲ್ಲಿಗೆ ಹೋಗಬಾರದು. ಬೇಕಿದ್ದರೆ ದೂರದಿಂದ ಹೆಸರು ಕರೆಯಬೇಕು, ಅದು ತಲೆಯೆತ್ತಿ ಎದ್ದು ಬಂದ ಮೇಲೆ ಮುಟ್ಟಬೇಕು. ಮತ್ತೆ ಒಮ್ಮೆಯೂ ಹಾಗಾಗಲಿಲ್ಲ.

ತರುವ ಮನಸ್ಸಿದ್ದವರಿಗೆ ಕೆಲವು ಮಾತು ಹೇಳುತ್ತೇನೆ. ಮೊದಲನೆಯದಾಗಿ, ಮನೆಯಲ್ಲಿ ಬೆಕ್ಕು, ಮೊಲ ಇದ್ದರೆ ಸಂಘದವರಿಗೆ ಮೊದಲೇ ತಿಳಿಸಿ; ಓಡುವ ಸಣ್ಣ ಪ್ರಾಣಿ ಕಂಡರೆ ಹಿಂದೆ ಬೀಳುವುದು ಇದರ ಹುಟ್ಟುಗುಣ. ಎರಡನೆಯದಾಗಿ, ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಬೇಡಿ. ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುವ ನಾಯಿಯನ್ನು ಕೂಗಿ ನಿಲ್ಲಿಸಲಾಗದು. ತಲೆ ಸಣ್ಣದು, ಸಾಮಾನ್ಯ ಕೊರಳಪಟ್ಟಿ ಜಾರಿಬಿಡುತ್ತದೆ. ಇವುಗಳಿಗೆಂದೇ ಸಿಗುವ ಅಗಲ ಪಟ್ಟಿ ಕೊಳ್ಳಿ. ಮೂರನೆಯದಾಗಿ, ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು. ಚಳಿಗೆ ಕೋಟು ಬೇಕು, ಮೆತ್ತನೆಯ ಹಾಸಿಗೆ ಬೇಕು. ನಾಲ್ಕನೆಯದಾಗಿ, ಶಸ್ತ್ರಚಿಕಿತ್ಸೆ ಎಂದಾದರೆ ಗ್ರೇಹೌಂಡ್‌ಗಳ ಅನುಭವವಿರುವ ವೈದ್ಯರನ್ನೇ ಹುಡುಕಿ. ಕೆಲವು ಅರಿವಳಿಕೆ ಔಷಧಗಳಿಂದ ಇವು ಚೇತರಿಸಿಕೊಳ್ಳುವುದು ನಿಧಾನ. ಮತ್ತೆ, ಒಣದ್ರಾಕ್ಷಿ ಹಾಕಿದ ಕ್ರಿಸ್ಮಸ್ ಕೇಕನ್ನು ಯಾವ ನಾಯಿಗೂ ಪ್ರೀತಿಯಿಂದಲೂ ಕೊಡಬೇಡಿ. ದ್ರಾಕ್ಷಿ ಅವಕ್ಕೆ ವಿಷ.

ಗಂಡ ಹೆಂಡತಿ ಇಬ್ಬರೂ ಹನ್ನೆರಡು ಗಂಟೆಯ ಪಾಳಿಗೆ ಹೋಗಿ ಮನೆ ಖಾಲಿ ಇರುವುದಾದರೆ ದಯವಿಟ್ಟು ತರಬೇಡಿ. ಕನಿಕರ ಒಂದು ದಿನದ್ದು, ನಾಯಿ ಎಂಟು ವರ್ಷದ್ದು. ಒಮ್ಮೆ ಕೈಬಿಟ್ಟದ್ದನ್ನು ನಾವು ಎರಡನೆಯ ಸಲ ಕೈಬಿಟ್ಟರೆ ಅದಕ್ಕಿಂತ ತರದಿರುವುದೇ ಮೇಲು.

ಬೆಳ್ಳಿ ನಮ್ಮೊಂದಿಗೆ ಏಳು ವರ್ಷ ಬದುಕಿತು. ಕೊನೆಯ ರಾತ್ರಿ ಅದರ ಹಾಸಿಗೆಯ ಪಕ್ಕದಲ್ಲಿ ಕುಳಿತವನು ಅದೇ ಮಗ. ಹದಿನೈದರ ಹುಡುಗ. ತುಟಿಯ ಮೇಲೆ ಸಣ್ಣ ಕಲೆ ಈಗಲೂ ಉಂಟು. ಅವತ್ತೂ ಅವನು ಮೊದಲು ಮೆಲ್ಲಗೆ ಹೆಸರು ಕರೆದ, ಅದು ಕಣ್ಣು ಅರಳಿಸಿದ ಮೇಲೆಯೇ ತಲೆ ಮುಟ್ಟಿದ. ದುಡಿದು ದಣಿದ ಜೀವದೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ನಾನು ಅವನಿಗೆ ಬೇರೆ ಪಾಠ ಹೇಳಬೇಕಾಗಲಿಲ್ಲ.