ಹೊಗೆ ಎಲ್ಲರಿಗೂ ಕಂಡಿತ್ತು: ಮುಂಬೈ ಬಂದರಿನಲ್ಲಿ ಮುಳುಗಿದ ಹಡಗಿನ ಕಥೆ

ನಿಮ್ಮಲ್ಲಿ ಹಾರ್ಬರ್ ಲೈನ್‌ನಲ್ಲಿ ಓಡಾಡೋರು ಎಷ್ಟು ಜನ? ಸಿಎಸ್‌ಎಂಟಿ ಬಿಟ್ಟ ಮೇಲೆ ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಡಾಕ್‌ಯಾರ್ಡ್ ರೋಡ್, ರೇ ರೋಡ್, ಆಮೇಲೆ ಕಾಟನ್ ಗ್ರೀನ್. ಬೇಲಾಪುರದ ಆಫೀಸಿಗೆ ನಾನು ಐದು ವರ್ಷ ಇದೇ ದಾರಿಯಲ್ಲಿ ಹೋಗಿದ್ದೇನೆ. ಕಿವಿಯಲ್ಲಿ ಇಯರ್‌ಫೋನ್, ಕಣ್ಣು ಮೊಬೈಲ್ ಮೇಲೆ. ಬಲಗಡೆ ಬಂದರು ಇದೆ ಅನ್ನೋದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಆ ಬಂದರಿನಲ್ಲಿ ಮುಳುಗಿದ ಒಂದು ಸರಕು ಹಡಗಿನ ಕಥೆ ಇವತ್ತು ಹೇಳ್ತೀನಿ.

ಹಡಗಿನ ಹೆಸರು ಫೋರ್ಟ್ ಸ್ಟಿಕೀನ್. 1942ರಲ್ಲಿ ಕೆನಡಾದಲ್ಲಿ ಕಟ್ಟಿದ್ದು, 7,142 ಟನ್ನಿನ ಸ್ಟೀಮರ್. ಎರಡನೇ ಮಹಾಯುದ್ಧದ ಕಾಲ. 1944ರ ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟಿತು. ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕ, ಮದ್ದುಗುಂಡು. ಜೊತೆಗೆ 31 ಪೆಟ್ಟಿಗೆಗಳಲ್ಲಿ ಚಿನ್ನದ ಗಟ್ಟಿಗಳು. ಕರಾಚಿಯಲ್ಲಿ ಒಂದಷ್ಟು ಸರಕು ಇಳಿಸಿ, ಖಾಲಿಯಾದ ಜಾಗಕ್ಕೆ 8,700 ಬೇಲು ಹತ್ತಿ, ಎಣ್ಣೆ ಪೀಪಾಯಿ, ಮರದ ದಿಮ್ಮಿ, ಗಂಧಕ ತುಂಬಿಸಿದರು. ಹತ್ತಿ ಕೆಳಗೆ, ಸ್ಫೋಟಕ ಮೇಲೆ. ನಮ್ಮ ಊರಲ್ಲಿ ಹುಲ್ಲಿನ ಬಣವೆ ಪಕ್ಕ ಒಲೆ ಹಚ್ಚಿದರೆ ಅಜ್ಜಿ ಬೈಯ್ತಾರೆ. ಇಲ್ಲಿ ಬೈಯೋಕೆ ಯಾರೂ ಇರಲಿಲ್ಲ. ಯುದ್ಧ ಅಲ್ವಾ, ಜಾಗ ಸಿಕ್ಕಿದ ಕಡೆ ಸರಕು ತುಂಬೋದು.

ಏಪ್ರಿಲ್ 12ಕ್ಕೆ ಹಡಗು ಮುಂಬೈ ತಲುಪಿ ವಿಕ್ಟೋರಿಯಾ ಡಾಕ್ ಸೇರಿತು. ಸ್ಫೋಟಕ ತುಂಬಿದ ಹಡಗು ಕೆಂಪು ಬಾವುಟ ಹಾರಿಸಬೇಕು ಅನ್ನೋದು ನಿಯಮ. ಹಾರಿಸಲಿಲ್ಲ. ಸ್ಫೋಟಕವನ್ನು ಬೇಗ ಇಳಿಸಬೇಕಿತ್ತು, ಅದೂ ಆಗಲಿಲ್ಲ.

ಏಪ್ರಿಲ್ 14, ಶುಕ್ರವಾರ. ಮಧ್ಯಾಹ್ನ ಊಟದ ಹೊತ್ತಿಗೇ ಅಕ್ಕಪಕ್ಕದ ಹಡಗಿನವರಿಗೆ ಆ ಹಡಗಿನಿಂದ ತೆಳ್ಳಗೆ ಹೊಗೆ ಬರೋದು ಕಂಡಿತ್ತು. ಹಡಗಿನವರಿಗೆ ಗೊತ್ತಿರುತ್ತೆ ಬಿಡು ಅಂದುಕೊಂಡರು. ಹಡಗಿನ ಒಳಗಿದ್ದವರಿಗೆ ಗೊತ್ತಾಗಿದ್ದು ಸುಮಾರು 2 ಗಂಟೆಗೆ.

ನಗರದ ಅಗ್ನಿಶಾಮಕ ದಳಕ್ಕೆ ಸುದ್ದಿ ಮುಟ್ಟಿಸೋದೂ ತಡವಾಯಿತು. 900 ಟನ್ನಿಗಿಂತ ಹೆಚ್ಚು ನೀರು ಸುರಿದರೂ ಬೆಂಕಿಯ ಮೂಲ ಹೊಗೆಯಲ್ಲಿ ಕಾಣಲಿಲ್ಲ. ನೀರು ಏರಿದಂತೆ ಉರಿಯುವ ಹತ್ತಿ ತೇಲಿ ಮೇಲಿದ್ದ ಸ್ಫೋಟಕದ ಹತ್ತಿರ ಹೋಯಿತು. ದಡದಲ್ಲಿ ಚರ್ಚೆ ನಡೀತಾ ಇತ್ತು. ಹಡಗನ್ನು ಅಲ್ಲೇ ಮುಳುಗಿಸೋಣ ಅಂತ ಒಬ್ಬರು, ಹೊರಗೆ ಒಯ್ಯೋಣ ಅಂತ ಇನ್ನೊಬ್ಬರು. ತೀರ್ಮಾನ ಮಾತ್ರ ಆಗಲಿಲ್ಲ. 3.50ಕ್ಕೆ ಹಡಗು ಬಿಟ್ಟು ಇಳಿಯಿರಿ ಅಂತ ಆದೇಶ ಬಂತು. 4.06ಕ್ಕೆ ಹಡಗು ಸಿಡಿದು ಎರಡು ಹೋಳಾಯಿತು. ಸುಮಾರು ಅರ್ಧ ಗಂಟೆಯ ಮೇಲೆ ಇನ್ನೂ ದೊಡ್ಡ ಸ್ಫೋಟ.

12 ಕಿಲೋಮೀಟರ್ ದೂರದ ಕಿಟಕಿ ಗಾಜು ಒಡೆದವು. 1,700 ಕಿಲೋಮೀಟರ್ ದೂರದ ಶಿಮ್ಲಾದ ಉಪಕರಣದಲ್ಲೂ ನೆಲ ನಡುಗಿದ್ದು ದಾಖಲಾಯಿತು. ಪಕ್ಕದಲ್ಲಿದ್ದ ಜಲಪದ್ಮ ಹಡಗಿನ ಹಿಂಭಾಗ ಹಾರಿ ದಡದ ಶೆಡ್ ಮೇಲೆ ಬಿತ್ತು. ಉರಿಯುವ ಹತ್ತಿ ಬೆಂಕಿಯ ಮಳೆಯಾಗಿ ಸುತ್ತಲಿನ ಬಡಾವಣೆಗಳ ಮೇಲೆ ಸುರಿಯಿತು. ಸತ್ತವರ ಲೆಕ್ಕ 800ರಿಂದ 1,300ರವರೆಗೆ ಹೇಳ್ತಾರೆ. ಮನೆ ಕಳೆದುಕೊಂಡವರು ಸುಮಾರು 80,000. ಬೆಂಕಿ ಹತೋಟಿಗೆ ಬರೋಕೆ ಮೂರು ದಿನ ಹಿಡಿಯಿತು. ಬಂದರನ್ನು ಮತ್ತೆ ಎಬ್ಬಿಸೋಕೆ 8,000 ಜನ ಏಳು ತಿಂಗಳು ದುಡಿದರು. ಯುದ್ಧದ ಸೆನ್ಸಾರ್ ಇದ್ದಿದ್ದರಿಂದ ಇಲ್ಲಿನ ಪತ್ರಕರ್ತರಿಗೆ ವರದಿ ಕಳಿಸೋಕೆ ಅನುಮತಿ ಸಿಕ್ಕಿದ್ದು ಮೇ ತಿಂಗಳಲ್ಲಿ. ಜಪಾನಿನ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ ಮಾತ್ರ ಮರುದಿನವೇ ವಿವರವಾಗಿ ಹೇಳಿತ್ತು. ಚಿನ್ನದ ಬಹುಪಾಲು ಸಿಕ್ಕಿತು. 2011ರಲ್ಲೂ ಹೂಳೆತ್ತುವಾಗ ಒಂದು ಗಟ್ಟಿ ಸಿಕ್ಕಿದೆ.

ಈ ಕಥೆ ಹೇಳುವವರೆಲ್ಲ ಚಿನ್ನದ ಹತ್ತಿರ ನಿಂತುಬಿಡ್ತಾರೆ. ನನಗೆ ಕಾಡೋದು 66 ಅಂಕಿ. ಅವತ್ತು ಸತ್ತ ಅಗ್ನಿಶಾಮಕರು ಅಷ್ಟು ಜನ. ಬಾವುಟ ಹಾರಿಸದೇ ಇದ್ದದ್ದು, ಹತ್ತಿಯ ಮೇಲೆ ಮದ್ದು ಇಟ್ಟದ್ದು, ತಡ ಮಾಡಿದ್ದು, ಯಾವುದೂ ಅವರ ತಪ್ಪಲ್ಲ. ತಡವಾಗಿ ಕರೆದರು, ಇವರು ಬಂದರು. ಅಷ್ಟೇ.

ಒಂದು ಸಣ್ಣ ವಿಷಯ ಹೇಳ್ತೀನಿ. ಹಿಂದೊಮ್ಮೆ ನಮ್ಮ ತಂಡದ ಗ್ರೂಪಿಗೆ ರಾತ್ರಿ 11ಕ್ಕೆ ಒಂದು ಅಲರ್ಟ್ ಬಂತು. ಒಂಬತ್ತು ಜನ ನೋಡಿದ್ವಿ. ಒಂಬತ್ತೂ ಜನ ಯಾರೋ ತಗೊಂಡಿರ್ತಾರೆ ಅಂತ ಮಲಗಿದ್ವಿ. ಬೆಳಗ್ಗೆ ಆರಕ್ಕೆ ಎದ್ದು ಅದನ್ನು ಸರಿಮಾಡಲು ಕೂತವಳು ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ. ಬೈಗುಳ ತಿಂದವಳೂ ಅವಳೇ. ಅಲ್ಲಿ ಪ್ರಾಣ ಹೋಗಲಿಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಗೊತ್ತು. ಆದರೆ ಹೊಗೆ ನೋಡಿ ಸುಮ್ಮನಾದವರಲ್ಲಿ ನಾನೂ ಒಬ್ಬ. ಅವಳಿಗೆ ಕ್ಷಮೆ ಕೇಳಿದ್ದು ಒಂದು ವರ್ಷದ ಮೇಲೆ.

ಏಪ್ರಿಲ್ 14 ಅಂಬೇಡ್ಕರ್ ಜಯಂತಿ, ರಜೆ ಅಂತ ನಮಗೆಲ್ಲ ಗೊತ್ತು. ಅವತ್ತೇ ದೇಶದ ಅಗ್ನಿಶಾಮಕ ಸೇವಾ ದಿನ, ಈ ಸ್ಫೋಟದ ನೆನಪಿಗೆ. ಬೈಕಲಾದ ಅಗ್ನಿಶಾಮಕ ಕೇಂದ್ರ ಕಚೇರಿಯಲ್ಲಿ ಅವರ ಸ್ಮಾರಕ ಇದೆ. ಈ ಸಲದ ರಜೆಗೆ ಆ ಕಡೆ ಹೋದರೆ ಒಂದು ನಿಮಿಷ ನಿಂತು ಬನ್ನಿ. ಹೊಗೆ ಕಂಡರೆ, ಇನ್ನೊಬ್ಬರು ಹೇಳಿದ್ದಾರೋ ಇಲ್ಲವೋ ಅಂತ ಯೋಚಿಸಬೇಡಿ. ನೀವೂ ಹೇಳಿ. ಎರಡು ಸಲ ಹೇಳಿದರೆ ಯಾರಿಗೂ ನಷ್ಟ ಇಲ್ಲ.