ಚಳಿಗಾಲದ ಸಸಿಮಡಿ ಮತ್ತು ಬೀಜೋಪಚಾರ

(ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಭಾಷಣ)



ಉರ್ದುವಿನಲ್ಲಿ ‘ಬೀಜ್’, ಕನ್ನಡದಲ್ಲಿ ‘ಬೀಜ’. ನನ್ನ ಎರಡೂ ತರಗತಿಗಳಿಗೆ ಅರ್ಥ ಹೇಳಬೇಕಾಗಿಲ್ಲದ ಪದವಿದು. ಇಂದು ಅದರ ಬಗ್ಗೆಯೇ ನಾಲ್ಕು ಮಾತು.

ಬೀದರಿನ ಕಡೆ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಆಗ ಸಸಿಮಡಿಗೆ ಹಾಕಿದ ಮೆಣಸಿನಕಾಯಿ ಬೀಜ ಎರಡು ವಾರವಾದರೂ ಕೆಲವೊಮ್ಮೆ ಮೇಲೆ ಬರುವುದಿಲ್ಲ. ಕಳಪೆ ಬೀಜ ಕೊಟ್ಟರೆಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗುತ್ತೇವೆ. ಎಷ್ಟೋ ಸಲ ಬೀಜ ಸತ್ತಿರುವುದಿಲ್ಲ, ಚಳಿಗೆ ನಿಧಾನವಾಗಿರುತ್ತದೆ ಅಷ್ಟೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿಂಗ್ಟನ್ ಅವರ ಪಟ್ಟಿಯ ಪ್ರಕಾರ, ಮಣ್ಣು 25 ಡಿಗ್ರಿ ಇದ್ದರೆ ಮೆಣಸಿನಕಾಯಿ ಸಸಿ ಸುಮಾರು 8 ದಿನಕ್ಕೆ ತಲೆ ಎತ್ತುತ್ತದೆ. 15 ಡಿಗ್ರಿಯಲ್ಲಿ ಅದೇ ಬೀಜಕ್ಕೆ 25 ದಿನ ಬೇಕು. ಟೊಮೆಟೊಗೆ 25 ಡಿಗ್ರಿಯಲ್ಲಿ 6 ದಿನ, 10 ಡಿಗ್ರಿಯಲ್ಲಿ 43 ದಿನ! ಅಷ್ಟು ಕಾಲ ಒದ್ದೆ ಮಣ್ಣಿನಲ್ಲಿ ಕುಳಿತ ಬೀಜವನ್ನು ಬೂಷ್ಟು ಸುಮ್ಮನೆ ಬಿಡುತ್ತದೆಯೇ? ಕೊಳೆಸಿಬಿಡುತ್ತದೆ. ಹೈಬ್ರಿಡ್ ಬೀಜದ ಬೆಲೆ ಬಲ್ಲವರಿಗೆ ಈ ನಷ್ಟ ಏನೆಂದು ಗೊತ್ತು.

ಬೀಜ ಮೊದಲು ಬೇಗ ನೀರು ಕುಡಿಯುತ್ತದೆ. ಆಮೇಲೆ ಹೊರಗೆ ಏನೂ ಕಾಣದ ಒಂದು ಮೌನದ ಅವಧಿ. ಒಳಗೆ ಮಾತ್ರ ದುರಸ್ತಿ, ಸಿದ್ಧತೆ ನಡೆದಿರುತ್ತದೆ. ಕೊನೆಗೆ ಬೇರು. ಚಳಿಯಲ್ಲಿ ಈ ನಡುವಿನ ಅವಧಿ ಬಹಳ ಎಳೆಯುತ್ತದೆ. ಅದನ್ನು ಮನೆಯ ಬೆಚ್ಚಗಿನ ಜಾಗದಲ್ಲೇ ಅರ್ಧ ಮುಗಿಸಿದರೆ? 1973ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹೈಡೆಕರ್ ಮತ್ತು ಸಂಗಡಿಗರು ಬೀಜ ಕುಡಿಯುವ ನೀರಿಗೆ ಮಿತಿ ಹಾಕಿ ಇದನ್ನು ಸಾಧಿಸಿದರು. ಅವರು ಬಳಸಿದ ರಾಸಾಯನಿಕ ನಮಗೆ ಬೇಕಿಲ್ಲ, ನೀರು ಸಾಕು.

ಟೊಮೆಟೊ, ಬದನೆ, ಮೆಣಸಿನಕಾಯಿ ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ 12 ಗಂಟೆ ನೆನೆಸಿರಿ. ನಡುವೆ ಒಮ್ಮೆ ನೀರು ಬದಲಿಸಿರಿ. ಕುದಿಯುವ ನೀರು ಬೇಡ, ಬೀಜ ಬೆಂದೀತು! ನಂತರ ನೆರಳಿನಲ್ಲಿ, ಬೆರಳಿಗೆ ಅಂಟದಷ್ಟು ಆರಿಸಿ ಅಂದೇ ಬಿತ್ತಿರಿ. ಬೇರು ಇಣುಕಿದ ಬೀಜವನ್ನು ಒಣಗಿಸಬಾರದು, ಸಾಯುತ್ತದೆ. ನೆನೆಸಿದ್ದನ್ನು ಮುಂದಿನ ವರ್ಷಕ್ಕೆಂದು ಎತ್ತಿಡುವುದೂ ಬೇಡ.

ಬೀನ್ಸ್ ಬೀಜಕ್ಕೆ ಮಾತ್ರ ಈ ಉಪಚಾರ ಸಲ್ಲದು. ತಣ್ಣೀರು ರಭಸದಿಂದ ಒಳನುಗ್ಗಿದರೆ ಅದರ ಜೀವಕೋಶಗಳೇ ಹಾಳಾಗುತ್ತವೆ. ಬಣ್ಣ ಬಳಿದ ಬೀಜಕ್ಕೆ ಔಷಧ ಹಚ್ಚಿರುತ್ತಾರೆ. ಅದನ್ನು ನೆನೆಸಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ವಿದ್ಯಾರ್ಥಿಗಳಿಗೊಂದು ಕೆಲಸ. ಔಷಧ ಹಚ್ಚದ 100 ಟೊಮೆಟೊ ಬೀಜ ಎಣಿಸಿಕೊಳ್ಳಿ. 50 ನೆನೆಸಿದ್ದು, 50 ಹಾಗೆಯೇ. ಒಂದೇ ಮಡಿಯಲ್ಲಿ ಎರಡು ಸಾಲಾಗಿ ಬಿತ್ತಿ, ದಿನವೂ ಎಷ್ಟು ಮೇಲೆ ಬಂದವೆಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಉರ್ದುವಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ, ನಾನು ನೋಡುತ್ತೇನೆ.